ಮೂರು ದಿನ ಅಳಿಸಬಾರದು

ಆಗತಾನೆ ಬೀಸಿದ ಜೋಳದ ಹಿಟ್ಟಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಬಿಸಿ ಬಿಸಿಯಾಗಿ, ತುಸು ಸೀದಂತೆ, ತುಸು ಸಿಹಿಯಾಗಿ. ಡಬ್ಬಿಯ ಮುಚ್ಚಳ ಹಾಕಿಬಿಟ್ಟರೆ ಹಿಟ್ಟು ಬೆವರುತ್ತದೆ ಎಂದು ಹಾಗೇ ತೆರೆದು ತರಬೇಕು. ತರುವವನ ಅಂಗಿ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗುತ್ತವೆ. ನನ್ನ ಮೀಸೆ ಹೇಗೂ ಬೆಳ್ಳಗಾಗಿರುವುದರಿಂದ ಈಗ ಆ ಚಿಂತೆ ಇಲ್ಲ. ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ಕೊಟ್ಟಿರುವ ಹುದ್ದೆಗಳಲ್ಲಿ ಗಿರಣಿಗೆ ಹೋಗುವುದೇ ದೊಡ್ಡದು. ಉಳಿದ ಹುದ್ದೆಗಳನ್ನು ಹೇಳಿಕೊಳ್ಳುವಂತಿಲ್ಲ.

ಮೊನ್ನೆ ಗುರುವಾರ ಚಿಕ್ಕೋಡಿಯ ನಮ್ಮ ಓಣಿಯ ಗಿರಣಿಯಲ್ಲಿ ಸರದಿಗಾಗಿ ಕೂತಿದ್ದೆ. ಕೂತವನು ಸುಮ್ಮನಿರಲಾರದೆ ಮೊಬೈಲು ತೆಗೆದೆ. ನಮ್ಮ ವಾರ್ಡಿನದೊಂದು ವಾಟ್ಸಾಪ್ ಗುಂಪಿದೆ, ನಿಮ್ಮ ವಾರ್ಡಿಗೂ ಇದ್ದೇ ಇರುತ್ತದೆ. ಎರಡು ದಿನ ನೋಡದೇ ಬಿಟ್ಟದ್ದಕ್ಕೆ ರಾಶಿ ಬಿದ್ದಿತ್ತು. ಗುಲಾಬಿ ಹೂವಿನ ಶುಭೋದಯ, ಯಾರದೋ ಹುಟ್ಟುಹಬ್ಬದ ಕೇಕು, ಹಿಂದಿನ ಓಣಿಯ ನಿವೃತ್ತ ಕಂಡಕ್ಟರೊಬ್ಬರು ತೀರಿಕೊಂಡದ್ದಕ್ಕೆ ಮುಗಿದ ಕೈಗಳ ಉದ್ದ ಸಾಲು, ಆ ಸಾಲಿನ ನಡುವೆ ಯಾರೋ ಹಾಕಿದ ಎಮ್ಮೆಯ ಫೋಟೋ, ಮಾರುವುದಿದೆ ಎಂದು. ತಲೆ ಕೆಟ್ಟು ಎಲ್ಲವನ್ನೂ ಒಂದೇ ಏಟಿಗೆ ಅಳಿಸಿಹಾಕಿದೆ. ಅಂಗಳ ಗುಡಿಸಿದಷ್ಟು ಹಗುರವಾಯಿತು.

ಆಗ ಗಿರಣಿಯ ಬಸಣ್ಣ ಹಿಟ್ಟಿನ ಗಾಳಿಯೊಳಗಿನಿಂದಲೇ ಕೂಗಿ ಕೇಳಿದ. "ಸರ, ಈ ರವಿವಾರ ವಾರ್ಡಿನ ಸಭೆ ಐತಂತಲ್ರಿ, ನಮ್ಮ ಗಟಾರದ್ದು. ಎಷ್ಟಕ್ಕ ಐತ್ರಿ? ಗ್ರೂಪಿನ್ಯಾಗ ಹಾಕ್ಯಾರಂತ."

ನಮ್ಮ ಓಣಿಯ ಗಟಾರದ ಕಥೆ ಹೇಳಿದರೆ ಮುಗಿಯುವುದಲ್ಲ. ಮಳೆಗಾಲದಲ್ಲಿ ಅದು ಮನೆ ಮನೆಗೆ ಬಂದು ಮಾತಾಡಿಸಿ ಹೋಗುತ್ತದೆ. ಅದಕ್ಕೊಂದು ಸಭೆ ಎಂದರೆ ನಾನೇ ಮೊದಲು ಹೋಗಿ ಕೂಡಬೇಕಾದವನು. ಮೊಬೈಲು ನೋಡಿದೆ. ಗುಂಪು ಬಟಾಬಯಲಾಗಿತ್ತು. "ನೋಡಿ ಹೇಳ್ತೀನಿ ತಗೊ," ಎಂದೆ. ಹೇಳುವಾಗ ನನ್ನ ಕಿವಿ ಬಿಸಿಯಾಯಿತು. ಸಭೆಯ ಸುದ್ದಿ, ಸತ್ತವರ ಸುದ್ದಿ, ಅಳಿಸಿದ ಕೈ, ಮೂಗಿಗೆ ಹಿಟ್ಟಿನ ವಾಸನೆ. ಇವೆಲ್ಲ ನನ್ನ ಬದುಕಿನಲ್ಲಿ ಹಿಂದೆಯೂ ಒಮ್ಮೆ ಒಟ್ಟಿಗೆ ಬಂದಿದ್ದವು.

ಅದು ಮೂವತ್ತು ವರ್ಷದ ಹಿಂದಿನ ಮಾತು. ಊರಿನ ಹೆಸರು ಹೇಳುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಬಸ್ಸಿನ ಬೋರ್ಡು ಓದುತ್ತ ಹೋದರೆ ನಡುವೆ ಎಲ್ಲೋ ಸಿಗುವ ಊರು ಎಂದುಕೊಳ್ಳಿ. ಹೆಸರು ಹೇಳಿದರೆ ಅಲ್ಲಿಯವರು ಫೋನು ಮಾಡಿ, "ನಮ್ಮನ್ನ ಯಾಕ ನಡುವ ತಂದ್ರಿ ಸಾಹೇಬ್ರ?" ಎಂದು ಕೇಳಿಯೇ ಕೇಳುತ್ತಾರೆ. ಅಲ್ಲಿಯ ಪುರಸಭೆಯಲ್ಲಿ ನಾನು ಕಾರಕೂನನಾಗಿ ಸೇರಿ ಮೂರು ತಿಂಗಳಾಗಿತ್ತು. ನೌಕರಿ ಇನ್ನೂ ಪ್ರೊಬೇಷನ್ ಮೇಲೆ. ಹುಟ್ಟಿ ಬೆಳೆದದ್ದು ತೆಲಸಂಗದಲ್ಲಿ. ನಮ್ಮ ಎರೆಹೊಲದ ಸೀಮೆಯಿಂದ ಬಂದವನಿಗೆ ಅಲ್ಲಿಯ ಹಸಿರು ಕಬ್ಬು, ತಂಬಾಕಿನ ಘಾಟು, ಅರ್ಧ ಕನ್ನಡ ಅರ್ಧ ಮರಾಠಿಯ ಮಾತು ಎಲ್ಲ ಹೊಸದು. ಆದರೂ ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು, ಇಡೀ ಪುರಸಭೆ ನನ್ನ ಅಕ್ಷರದ ಮೇಲೆಯೇ ನಿಂತಿದೆ ಎಂಬಂತೆ ಓಡಾಡುತ್ತಿದ್ದೆ. ನನ್ನ ಅಕ್ಷರ ಚೆನ್ನಾಗಿತ್ತು, ಅದು ಸುಳ್ಳಲ್ಲ. ತಲೆಯಲ್ಲಿ ಮಾತ್ರ ಬೇರೇನೂ ಇರಲಿಲ್ಲ.

ಬೀಡಿ ಕಟ್ಟುವವರ ಓಣಿಯಲ್ಲಿ ನನಗೊಂದು ಖೋಲಿ ಬಾಡಿಗೆಗೆ ಸಿಕ್ಕಿತ್ತು. ಓಣಿಯ ಮೂಲೆಗೆ ಅಕ್ಕಾತಾಯಿಯ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದ ಗಟ್ಟಿ ಹೆಂಗಸು. ಕಚ್ಚೆ ಸೀರೆ, ಹಣೆಯ ತನಕ ಹಿಟ್ಟು, ಯಂತ್ರದ ಸದ್ದಿನಲ್ಲಿ ಮಾತಾಡಿ ಮಾತಾಡಿ ದೊಡ್ಡದಾದ ಗಂಟಲು. ಆಕೆ ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ಗಿರಣಿಯ ಹೊರಗೋಡೆಗೆ ಒಂದು ಕರಿಹಲಗೆ ಇತ್ತು. ಗಡಿಭಾಗದ ಊರುಗಳಲ್ಲಿ ಹೀಗೆ ಮೂಲೆ ಮೂಲೆಗೆ ಕರಿಹಲಗೆಗಳಿರುತ್ತವೆ, ವಾರ್ತಾಫಲಕ ಎನ್ನುತ್ತಾರೆ. ಅಕ್ಕಾತಾಯಿಯ ಫಲಕಕ್ಕೆ ನಡುವೆ ಒಂದು ಗೆರೆ. ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ. ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ್ದಳು. ಕನ್ನಡ ಅಕ್ಷರ ಹಿಟ್ಟಿನ ಡಬ್ಬಿಗಳ ಮೇಲಿನ ಹೆಸರು ಓದಿ ಓದಿ ಬಂದದ್ದು.

ಊರಿನ ಸುದ್ದಿ ಎಲ್ಲವೂ ಮೊದಲು ಬರುತ್ತಿದ್ದದ್ದು ಆ ಗಿರಣಿಗೆ. ಸರದಿಯಲ್ಲಿ ಕೂತ ಹೆಂಗಸರು ಹೇಳುತ್ತಿದ್ದರು, ಈಕೆ ಸೋಸಿ ಬರೆಯುತ್ತಿದ್ದಳು. ನಾಳೆ ನಳಕ್ಕೆ ನೀರಿಲ್ಲ. ಕರೋಶಿಯವರ ಹೋರಿ ತಪ್ಪಿಸಿಕೊಂಡಿದೆ, ಕೊಂಬಿಗೆ ನೀಲಿ ಬಣ್ಣ. ಶನಿವಾರ ಭಜನೆ. ಇಂಥವರ ಮಗಳು ಹತ್ತನೆಯ ಇಯತ್ತೆ ಪಾಸು, ಅಭಿನಂದನೆ. ಗಂಡ ಹೆಂಡಿರ ಜಗಳ ಬರೆಯುತ್ತಿರಲಿಲ್ಲ. ಅದು ಗಿರಣಿಯ ಒಳಗಿನ ಸುದ್ದಿ, ಹೊರಗಿನದಲ್ಲ ಎನ್ನುತ್ತಿದ್ದಳು. ರಾಜಕೀಯದವರ ಹುಟ್ಟುಹಬ್ಬ ಬರೆಯಬೇಕಾದರೆ ಅವರು ಸ್ವತಃ ಜೋಳದ ಡಬ್ಬಿ ಹಿಡಿದು ಬಂದು ಸರದಿಯಲ್ಲಿ ನಿಲ್ಲಬೇಕು. ನಮ್ಮ ವಾರ್ಡಿನ ಸದಸ್ಯರು ಒಮ್ಮೆ ಬಿಳಿ ಅಂಗಿ ತೊಟ್ಟು ಬಂದು ಒಂದು ತಾಸು ನಿಂತರು. ಹೆಸರು ಬಂತು. ಅಂಗಿ ಹೇಗೂ ಬಿಳಿಯದೇ ಆದ್ದರಿಂದ ನಷ್ಟವೇನೂ ಆಗಲಿಲ್ಲ.

ಒಂದು ನಿಯಮ ಮಾತ್ರ ಯಾರಿಗೂ ಸಡಿಲವಿಲ್ಲ. ಫಲಕದ ಮೇಲೆ ಸತ್ತವರ ಹೆಸರು ಬಂದರೆ ಮೂರನೆಯ ದಿನದ ತನಕ ಅದನ್ನು ಅಳಿಸುವಂತಿಲ್ಲ. ಮೂರನೆಯ ದಿನ ಎಂದರೆ ರಕ್ಷಾ ವಿಸರ್ಜನೆ, ಚಿತೆ ಆರಿದ ಮೇಲೆ ಬೂದಿ ಎತ್ತಿ ಹೊಳೆಗೆ ಬಿಡುವ ದಿನ. ಬಂಧುಗಳೂ ಗುರುತಿನವರೂ ಸೇರುವುದು ಅಂದೇ. ಫೋನಿಲ್ಲದ ಆ ಕಾಲದಲ್ಲಿ ಎಷ್ಟೋ ಮಂದಿಗೆ ಸಾವು ತಿಳಿಯುತ್ತಿದ್ದದ್ದೇ ಫಲಕ ನೋಡಿ. ಅಷ್ಟು ದಿನ ಆ ಜಾಗ ಸತ್ತವರದು. ಮಂತ್ರಿಗಳು ಬಂದರೂ ಕಾಯಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆತನದಲ್ಲಿ ಹೂಳುವ ಪದ್ಧತಿ. ಮಣ್ಣು ಮಾಡಿ ಬಂದರೆ ಆ ದಿನದ ಕೆಲಸ ಮುಗಿಯಿತು.

ಆ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಆ ಕಡೆ ತಾಯಿಗೂ ಅಜ್ಜಿಗೂ ಆಯಿ ಎನ್ನುತ್ತಾರೆ, ಇವಳನ್ನು ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು, ಬೇರೆ ಹೆಸರು ನಾನು ಕೇಳಲಿಲ್ಲ. ಬೆಳಗ್ಗೆ ಕಚೇರಿಗೆ ಹೋಗುವಾಗ ಆಕೆಯ ಕಟ್ಟೆಯ ಮೇಲೆ ಹದಿನೈದು ಇಪ್ಪತ್ತು ಮಕ್ಕಳು ಇರುತ್ತಿದ್ದವು. ಒಂದು ಅಳುತ್ತ, ಒಂದು ಉಣ್ಣುತ್ತ, ಒಂದು ಆಯಿಯ ಸೆರಗು ಜಗ್ಗುತ್ತ. ಎಷ್ಟೊಂದು ಮೊಮ್ಮಕ್ಕಳಪ್ಪಾ ಈ ಮುದುಕಿಗೆ ಎಂದು ಬೆರಗಾಗಿ ಮುಂದೆ ಹೋಗುತ್ತಿದ್ದೆ. ಕೇಳುವ ಬುದ್ಧಿ ಬರಲಿಲ್ಲ.

ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದವನು ಬುಧವಾರ ಮುಂಜಾನೆ ಬಸ್ಸಿಳಿದು ನೇರ ಕಚೇರಿಗೆ ಬಂದೆ. ಮುಖ್ಯಾಧಿಕಾರಿ ಸಾಹೇಬರು ಒಂದು ಕಾಗದ ಕೊಟ್ಟರು. ಬೀಡಿ ಓಣಿಯ ಖುಲ್ಲಾ ಜಾಗದಲ್ಲಿ ಅಂಗನವಾಡಿ ಕಟ್ಟಬೇಕೆಂದು ಓಣಿಯವರ ಬೇಡಿಕೆ ಇತ್ತು, ಅಂಗಡಿ ಖೋಲಿ ಕಟ್ಟಿ ಬಾಡಿಗೆಗೆ ಕೊಡಬೇಕೆಂದು ಇನ್ನು ಕೆಲವರದು. ಜನರ ಅಭಿಪ್ರಾಯ ಕೇಳಲು ಗುರುವಾರ ಹನ್ನೊಂದಕ್ಕೆ ಸಭೆ. ಆ ಸೂಚನೆಯನ್ನು ಓಣಿಯ ಫಲಕದ ಮೇಲೆ ಪ್ರಕಟಿಸಬೇಕು.

"ಇವತ್ತ ಸಂತಿ ಐತಿ. ಮಂದಿ ಓದ್ತಾರ. ಲಗೂನ ಹೋಗಿ ಬರದು ಬಾ," ಎಂದರು ಸಾಹೇಬರು.

ಹೋದೆ. ಗಿರಣಿಗೆ ಕೀಲಿ. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಸಂತೆಗೆ ಹೋಗಿರಬೇಕು ಎಂದುಕೊಂಡೆ. ಫಲಕದ ತುಂಬ ದೊಡ್ಡ ಅಕ್ಷರದಲ್ಲಿ, ಎರಡೂ ಭಾಷೆಯಲ್ಲಿ, ಒಂದೇ ಸುದ್ದಿ ಇತ್ತು. "ನಮ್ಮ ಆಯಿ ಹೋದಳು. ರಕ್ಷಾ ವಿಸರ್ಜನ ಗುರುವಾರ ಮುಂಜಾನೆ ಏಳಕ್ಕ." ಓದಿದೆ. ಓದಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಯಾರದೋ ಆಯಿ ಹೋಗಿದ್ದಾಳೆ, ಸುಟ್ಟೂ ಆಗಿದೆ, ಹಳೆಯ ಸುದ್ದಿ ಎಂದುಕೊಂಡೆ. ನಳದ ಹತ್ತಿರ ಬಿದ್ದಿದ್ದ ಅರಿವೆ ತೊಯಿಸಿಕೊಂಡು ಬಂದು ಫಲಕವನ್ನು ಲಕಲಕ ಒರೆಸಿದೆ. ನಡುವಿನ ಗೆರೆಯೂ ಹೋಯಿತು. ಮೇಲೆ ನನ್ನ ಮುದ್ದಾದ ಅಕ್ಷರಗಳಲ್ಲಿ "ಸಾರ್ವಜನಿಕ ಪ್ರಕಟಣೆ" ಎಂದು ಬರೆದು ಅಡಿಗೆರೆ ಎಳೆದೆ. ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದೆ. ಬಹಳ ಚೆನ್ನಾಗಿ ಕಂಡಿತು.

ಸಂಜೆ ಖೋಲಿಗೆ ಬರುವಾಗ ನನ್ನ ಪ್ರಕಟಣೆ ಇರಲಿಲ್ಲ. ಆಯಿಯ ಸುದ್ದಿ ಮತ್ತೆ ಬಂದಿತ್ತು, ಈ ಸಲ ಅಕ್ಷರಗಳು ಸಿಟ್ಟಿನಿಂದ ಬರೆದಂತೆ ಸೊಟ್ಟಸೊಟ್ಟ. ಆರು ತಾಸು ಇತ್ತಲ್ಲ, ಓದುವವರು ಓದಿರುತ್ತಾರೆ ಬಿಡು ಎಂದು ಒಳಗೆ ಹೋಗಿ ಮಲಗಿದೆ.

ಮರುದಿನದ ಸಭೆಗೆ ಬಂದವರು ಸಾಹೇಬರು, ವಾರ್ಡಿನ ಸದಸ್ಯರು, ಅಂಗಡಿ ಖೋಲಿ ಬೇಕೆಂದಿದ್ದ ನಾಲ್ಕು ಜನ, ನಾನು. ಓಣಿಯಿಂದ ಒಬ್ಬರೂ ಇಲ್ಲ. ಅರ್ಧ ತಾಸು ಕಾದೆವು. ಸಾಹೇಬರು ಕೆಟ್ಟವರಲ್ಲ, ಬೇಸತ್ತವರು. "ಮಂದೀಗೆ ಬೇಕಾಗಿಲ್ಲ, ನಾವೇನ ಮಾಡೂದು?" ಎಂದು ಹೇಳಿ ಬರೆಯಿಸಿದರು. ಸಾರ್ವಜನಿಕರಿಂದ ಯಾವ ಆಕ್ಷೇಪಣೆಯೂ ಬಂದಿಲ್ಲ. ಖುಲ್ಲಾ ಜಾಗದಲ್ಲಿ ಹತ್ತು ಅಂಗಡಿ ಖೋಲಿ ಕಟ್ಟಬಹುದು. ನಾನು ಮುದ್ದಾಗಿ ಬರೆದುಕೊಂಡೆ.

ಆ ಸಂಜೆ ಹಿಟ್ಟು ತರಲು ಗಿರಣಿಗೆ ಹೋದೆ. ನನ್ನ ಡಬ್ಬಿ ಬಾಗಿಲ ಹೊರಗೆ ಕಟ್ಟೆಯ ಮೇಲಿತ್ತು. ಒಳಗೆ ಅಕ್ಕಾತಾಯಿ, ಪಕ್ಕದಲ್ಲಿ ಬೀಡಿ ಕಟ್ಟುವ ಸುಶೀಲಾ ಟೊಂಕದ ಮೇಲೆ ಎರಡು ವರ್ಷದ ಮಗಳನ್ನು ಕೂಡಿಸಿಕೊಂಡು ನಿಂತಿದ್ದಳು. ಅದುವರೆಗೆ ಅಕ್ಕಾತಾಯಿ ನನ್ನನ್ನು "ಕಾರಕೂನ ಸಾಹೇಬ್ರ, ಬರ್ರಿ" ಎಂದು ಬಹುವಚನದಲ್ಲಿ ಮಾತಾಡಿಸಿದವಳು.

"ಬೀಸಿ ಇಟ್ಟೀನಿ. ತಗೊಂಡ ಹೋಗು," ಎಂದಳು.

ನಾನು ನಿಂತೆ. ಏನಾಯಿತು ಎಂದು ಕೇಳಿದೆ.

"ಏನಾಗಿಲ್ಲೊ? ಸತ್ತಾಕಿ ಹೆಸರ ಅಳಿಸಿದ್ಯಲ್ಲ, ನಿಮ್ಮೂರಾಗ ಯಾರೂ ಸಾಯೂದಿಲ್ಲೇನು? ಮೂವತ್ತ ವರ್ಷ ಈ ಓಣಿ ಮಕ್ಕಳನ್ನೆಲ್ಲ ಆಯಿ ಸಂಬಾಳಿಸ್ಯಾಳ. ಅವ್ವಗೋಳು ಬೀಡಿ ಕಟ್ಟಲಿ ಅಂತ. ಒಂದ ಕೂಸೂ ಆಕೀದಲ್ಲ. ಆಕಿ ಕೈಯಾಗ ಬೆಳೆದವರು ಈಗ ಬೋರಗಾಂವದಾಗ ಮಗ್ಗಾ ನಡಸ್ತಾರ. ನಿನ್ನಿ ಸಂತಿಗೆ ಬಂದಿದ್ರು, ಫಲಕ ನೋಡ್ಯಾರ, ನಿನ್ನ ಚಂದನ ಅಕ್ಷರ ಓದಿ ಹೋಗ್ಯಾರ. ಆಯಿ ಸತ್ತಿದ್ದು ಅವರಿಗೆ ಗೊತ್ತಽ ಇಲ್ಲ. ಇವತ್ತ ರಕ್ಷಾಕ್ಕ ಓಣಿ ಹೊರಗಿನವರು ಎಷ್ಟ ಮಂದಿ ಬಂದಿದ್ರು ಗೊತ್ತೈತೇನು? ಹನ್ನೊಂದು."

ಸುಶೀಲಾ ಏನೂ ಬೈಯಲಿಲ್ಲ. "ನಾಳಿಂದ ಇಕಿನ್ನ ಎಲ್ಲಿ ಬಿಡ್ಲಿ ಅಕ್ಕಾತಾಯಿ?" ಎಂದು ಮಗಳ ತಲೆ ಸವರಿದಳು. "ನಿನ್ನಿ ನನ್ನ ಮೊರದಾಗಿನ ತಂಬಾಕ ಬಾಯಾಗ ಹಾಕ್ಕೊಂಡು ವಾಂತಿ ಮಾಡ್ಕೊಂಡಾಳ. ಕೈ ಕೆಲಸದಾಗಿರತೈತಿ, ಕಣ್ಣು ಎಷ್ಟ ಕಡೆ ಇಡ್ಲಿ?"

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಮನುಷ್ಯ ಸುಮ್ಮನಿರಬೇಕು. ನಾನು ವಾದಕ್ಕಿಳಿದೆ. "ನಾ ಬರದದ್ದೂ ನಿಮ್ಮ ಸಲುವಾಗಿನ ಬರದೀನ್ರಿ. ಖುಲ್ಲಾ ಜಾಗಾದಾಗ ಅಂಗನವಾಡಿ ಬೇಕೋ ಅಂಗಡಿ ಬೇಕೋ ಅಂತ ಕೇಳಾಕ ಕರದಿದ್ರು. ಇವತ್ತ ಹನ್ನೊಂದಕ್ಕ. ಯಾರೂ ಬರಲಿಲ್ಲ. ಅಂಗಡಿ ಅಂತ ಆತು."

ಅಕ್ಕಾತಾಯಿ ಕೈ ಚಾಚಿ ಗಿರಣಿ ನಿಲ್ಲಿಸಿದಳು. ಪಟ್ಟಿ ತಿರುಗಿ ತಿರುಗಿ ನಿಂತಿತು. 

"ಏನಂದಿ?" ಎಂದಳು. ನಾನು ಮತ್ತೆ ಹೇಳಿದೆ.

ಅವಳು ಜೋಳದ ಚೀಲದ ಮೇಲೆ ಕೂತಳು. "ನಾ ಓದಽ ಇಲ್ಲೊ," ಎಂದಳು. ಮೊದಲ ಸಲ ಅವಳ ದನಿ ಸಣ್ಣದಾಗಿತ್ತು. "ಆಯಿ ಹೆಸರ ಕಾಣಲಿಲ್ಲ. ಅಷ್ಟಽ ನೋಡಿದೆ. ಹಸಿ ಅರಿವಿ ತಗೊಂಡು ಒರಿಸಿ ಬಿಟ್ಟೆ. ಏನ ಬರದಾನ ಅಂತ ಓದಽ ಇಲ್ಲ. ಇಡೀ ಊರಿಗೆ ಓದಿಸಾಕಿ ನಾ."

ನಾನು ಅಳಿಸಿದ್ದಕ್ಕೆ ಅವಳು ಅಳಿಸಿದ್ದಳು. ಇಬ್ಬರೂ ಸೇರಿ ಆ ಓಣಿಯ ಮಕ್ಕಳನ್ನು ಬೀದಿಗೆ ತಂದಿದ್ದೆವು. ಸುಶೀಲಾ ನಮ್ಮಿಬ್ಬರ ಮುಖ ನೋಡಿದಳು. ಆಮೇಲೆ ಮಗಳನ್ನು ಇನ್ನೊಂದು ಟೊಂಕಕ್ಕೆ ಬದಲಿಸಿಕೊಂಡು ಮನೆಗೆ ಹೋದಳು. ಅವಳು ಬೈದಿದ್ದರೆ ನನಗೆ ಆ ದಿನ ಊಟ ಸೇರುತ್ತಿತ್ತು.

ಮರುದಿನದಿಂದ ಓಣಿಯ ನಡಿಗೆಯೇ ಬದಲಾಯಿತು. ಕಚೇರಿಗೆ ಹೋಗುವಾಗ ಆಯಿಯ ಕಟ್ಟೆ ಖಾಲಿ. ಮಕ್ಕಳು ತಾಯಂದಿರ ಮೊರಗಳ ಸುತ್ತ, ತಂಬಾಕಿನ ಪುಡಿಯಲ್ಲಿ ಸೀನುತ್ತ ಕೂತಿದ್ದವು. ಸುಶೀಲಾ ಮಗಳ ನಡುವಿಗೆ ಸೀರೆಯ ಅಂಚು ಕಟ್ಟಿ ಕಂಬಕ್ಕೆ ಬಿಗಿದಿದ್ದಳು. ಆ ಮಗು ನನ್ನನ್ನು ಕಂಡು ನಕ್ಕಿತು. ಮಕ್ಕಳಿಗೆ ಯಾರನ್ನು ಕಂಡು ನಗಬೇಕು ಎಂಬುದು ತಿಳಿಯುವುದಿಲ್ಲ.

ಸೋಮವಾರ ಫೈಲು ನನ್ನ ಮೇಜಿಗೆ ಬಂತು. ಠರಾವಿನ, ಅಂದರೆ ಸಭೆಯ ನಿರ್ಣಯದ, ಜೊತೆ ಒಂದು ದಾಖಲೆ ಬೇಕು, "ಸಭೆಯ ಸೂಚನೆಯನ್ನು ನಿಯಮದಂತೆ ಪ್ರಕಟಿಸಲಾಗಿದೆ" ಎಂದು. ಪ್ರಕಟಿಸಿದವನು ಸಹಿ ಮಾಡಬೇಕು. ಒಂದು ಸಾಲು, ಒಂದು ಸಹಿ. ಸುಳ್ಳೂ ಅಲ್ಲ, ಬರೆದದ್ದಂತೂ ಹೌದಲ್ಲ. ಪೆನ್ನು ತೆಗೆದವನು, ಯಾಕೋ ಫೈಲಿನ ತಳದ ತನಕ ಹಾಳೆ ತಿರುವಿದೆ. ಎಲ್ಲಕ್ಕಿಂತ ಕೆಳಗೆ ಎರಡು ವರ್ಷದ ಹಿಂದಿನ ಅರ್ಜಿ ಇತ್ತು, ಅಂಗನವಾಡಿ ಬೇಕೆಂದು ಓಣಿಯ ಹೆಂಗಸರು ಕೊಟ್ಟದ್ದು. ಅಕ್ಷರ ಅಕ್ಕಾತಾಯಿಯದು, ಗುರುತು ಹಿಡಿದೆ. ಕೆಳಗೆ ಹೆಬ್ಬೆಟ್ಟುಗಳ ಸಾಲು. ಮೊದಲನೆಯ ಹೆಬ್ಬೆಟ್ಟಿನ ಮುಂದೆ "ಆಯಿ" ಎಂದಿತ್ತು. ಎರಡೇ ಅಕ್ಷರ. ನನಗೆ ವಯಸ್ಸಾಯಿತು, ಇನ್ನು ಮಕ್ಕಳನ್ನು ನೋಡಿಕೊಳ್ಳಲು ಒಂದು ಜಾಗ ಮಾಡಿಕೊಡಿ ಎಂದು ಮುದುಕಿ ಎಲ್ಲರಿಗಿಂತ ಮೊದಲು ಬಂದು ಹೆಬ್ಬೆಟ್ಟು ಒತ್ತಿದ್ದಳು. ಅವಳ ಹೆಸರನ್ನೇ ಒರೆಸಿ ನಾನು ಅವಳ ಬೇಡಿಕೆಯ ಸಭೆ ಕರೆದಿದ್ದೆ.

ಧೈರ್ಯಶಾಲಿ ಎಂದು ತಿಳಿಯಬೇಡಿ. ಮಧ್ಯಾಹ್ನದ ತನಕ ಆ ಫೈಲು ಮುಂದಿಟ್ಟುಕೊಂಡು ಮೂರು ಸಲ ಚಹಾ ಕುಡಿದೆ. ತೆಲಸಂಗದಲ್ಲಿ ನನ್ನ ಅಪ್ಪ ನನ್ನ ನೌಕರಿಯ ಸುದ್ದಿಯನ್ನು ಎಷ್ಟು ಮನೆಗಳಿಗೆ ಹೋಗಿ ಹೇಳಿದ್ದ ಎಂಬುದೂ ನೆನಪಾಯಿತು. ಕೊನೆಗೆ ಬರೆದೆ. "ಸೂಚನೆಯನ್ನು ಬುಧವಾರ ಫಲಕದ ಮೇಲೆ ಬರೆದದ್ದು ನಿಜ. ಬರೆಯಲು ಅಲ್ಲಿದ್ದ ನಿಧನ ವಾರ್ತೆಯನ್ನು ಅಳಿಸಿದ್ದು ನನ್ನ ತಪ್ಪು. ಕನ್ನಡದಲ್ಲಿ ಮಾತ್ರ ಬರೆದಿದ್ದೆನು. ಅದೇ ಸಂಜೆ ಅದು ಅಳಿಸಿಹೋಗಿದ್ದನ್ನು ಕಂಡರೂ ಮತ್ತೆ ಬರೆಯಲಿಲ್ಲ. ಗುರುವಾರ ಮಧ್ಯಾಹ್ನದ ತನಕ ಓಣಿಯವರು ರಕ್ಷಾ ವಿಸರ್ಜನೆಗೆ ಹೊಳೆಗೆ ಹೋಗಿದ್ದರು. ಆದ್ದರಿಂದ ಸೂಚನೆ ಜನರಿಗೆ ತಲುಪಿಲ್ಲ." ಕೆಳಗೆ ಸಹಿ. ಆ ದಿನ ನನ್ನ ಅಕ್ಷರ ಚೆನ್ನಾಗಿರಲಿಲ್ಲ.

ಸಾಹೇಬರು ಓದಿದರು. ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು.

"ಯಾರೂ ಕೇಳಿದ್ದಿಲ್ಲಲ್ಲೊ ತಮ್ಮಾ," ಎಂದರು. "ಸುಮ್ಮ ಸಹಿ ಮಾಡಿದ್ರ ಮುಗೀತಿತ್ತು. ನಿನ್ನ ಪ್ರೊಬೇಷನ್ ಮುಗದಿಲ್ಲ, ಗೊತ್ತೈತಿಲ್ಲೊ?"

"ಗೊತ್ತೈತ್ರಿ."

"ಈಗ ನಿನಗ ಮೆಮೊ ಕೊಡಬೇಕಾಗತೈತಿ. ಸಭೆ ಮತ್ತ ಕರೀಬೇಕಾಗತೈತಿ. ನನಗೂ ಕೆಲಸ ಹಚ್ಚಿದಿ." ಫೈಲಿನ ದಾರ ಸುತ್ತಿ ಕಟ್ಟಿದರು. ಆಮೇಲೆ, "ಈ ಸಲ ಎರಡೂ ಭಾಷಾದಾಗ ಬರಸು," ಎಂದರು. ಮೆಮೊ ಅಂದೇ ಬಂತು. ಅದನ್ನು ಅಪ್ಪನಿಗೆ ಹೇಳಲಿಲ್ಲ.

ಹೊಸ ಸಭೆ ಬರುವ ಗುರುವಾರ ಎಂದಾಯಿತು. ಸೂಚನೆ ಹಿಡಿದು ಗಿರಣಿಗೆ ಹೋದರೆ ಫಲಕ ಮತ್ತೆ ತುಂಬಿತ್ತು. ಪೇಟೆಯ ಮುದುಕರೊಬ್ಬರು ಹಿಂದಿನ ದಿನ ಹೋಗಿದ್ದರು. ನಾನು ಕಾಗದ ಕೈಯಲ್ಲಿ ಹಿಡಿದು ಅಕ್ಕಾತಾಯಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ನಿಯಮ ಎಂದರೆ ನಿಯಮ.

"ನಿಂದರು," ಎಂದು ಒಳಗೆ ಹೋದಳು. ಗಿರಣಿಯ ಹಿತ್ತಲ ಬಾಗಿಲಿನ ಒಂದು ಕದ ಕೀಲು ಮುರಿದು ಬಿದ್ದಿತ್ತು, ಅದನ್ನು ಎಳೆದುಕೊಂಡು ಬಂದಳು. ಹಳೆಯ ಬ್ಯಾಟರಿ ಸೆಲ್ಲುಗಳ ಕರಿಯನ್ನು ಕುಟ್ಟಿ, ನೀರಿನಲ್ಲಿ ಕಲಸಿ ನಾವಿಬ್ಬರೂ ಬಳಿದೆವು. ನನ್ನ ಕಚೇರಿಯ ಅಂಗಿ ಹಾಳಾಯಿತು. ಒಣಗಿದ ಮೇಲೆ ಅದನ್ನು ಮೊದಲಿನ ಫಲಕದ ಕೆಳಗೆ ಗೋಡೆಗೆ ಬಡಿದು, "ಮ್ಯಾಲಿಂದು ಹೋದವರಿಗೆ, ಕೆಳಗಿಂದು ಇದ್ದವರಿಗೆ," ಎಂದಳು. ಕನ್ನಡದ ಕಡೆ ನಾನು ಬರೆದೆ, ಮರಾಠಿಯ ಕಡೆ ಅವಳು. ಅಷ್ಟಕ್ಕೇ ಬಿಡಲಿಲ್ಲ. ಆ ವಾರ ಹಿಟ್ಟು ಒಯ್ಯಲು ಬಂದ ಒಬ್ಬೊಬ್ಬರನ್ನೂ ಫಲಕದ ಮುಂದೆ ನಿಲ್ಲಿಸಿ, ಓದಲು ಬಾರದವರಿಗೆ ಓದಿ ಹೇಳಿ, ಅವರ ಬಾಯಿಂದ ದಿನ ಮತ್ತು ಹೊತ್ತು ಹೇಳಿಸಿಕೊಂಡ ಮೇಲೆಯೇ ಡಬ್ಬಿ ಕೊಟ್ಟಳು. ಸಂತೆಯ ದಿನ ಬೋರಗಾಂವದವರಿಗೆ ಆಯಿಯ ಸುದ್ದಿ ತಾನೇ ಹೇಳಿದಳು. ಅವರಲ್ಲಿ ಇಬ್ಬರು ದೊಡ್ಡ ಗಂಡಸರು ಗಿರಣಿಯ ಕಟ್ಟೆಯ ಮೇಲೆ ಕೂತು ಅತ್ತರು. ನಾನು ಹಿಟ್ಟಿನ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಗುರುವಾರ ಹೆಂಗಸರು ಮೊರ ಹಿಡಿದೇ ಸಭೆಗೆ ಬಂದರು. ಕೆಲಸ ಬಿಟ್ಟು ಬಂದರೆ ಆ ದಿನದ ಬೀಡಿ ಕಟ್ಟುವವರು ಯಾರು? ಒಂದು ತೊಡೆಯ ಮೇಲೆ ಮೊರ, ಇನ್ನೊಂದು ತೊಡೆಯ ಮೇಲೆ ಕೂಸು. ಬೋರಗಾಂವದ ಗಂಡಸರು ಗೋಡೆಗೆ ಸಾಲಾಗಿ ನಿಂತರು. ಸಾಹೇಬರು ಎದ್ದು ಮಾತಾಡತೊಡಗಿದಾಗ ಒಂದು ಕೂಸು ಅಳಲು ಶುರುಮಾಡಿತು, ಅದನ್ನು ಕೇಳಿ ಉಳಿದವೂ. ತಂಬಾಕಿನ ಘಾಟಿಗೆ ಸಾಹೇಬರೇ ನಾಲ್ಕು ಸಲ ಸ್ವರ ಎತ್ತಿ ಸೀನಿದರು. ಯಾರಿಗೂ ಯಾರ ಮಾತೂ ಕೇಳಿಸಲಿಲ್ಲ.

ಸುಶೀಲಾ ಎದ್ದು ನಿಂತಳು. ಮಗಳನ್ನು ಸಾಹೇಬರ ಮೇಜಿನ ಮೇಲೆ ಕೂಡಿಸಿದಳು. "ಭಾಷಣ ಮಾಡಾಕ ನನಗ ಬರೂದಿಲ್ರಿ. ಇಕಿನ್ನ ಒಂದ ತಾಸ ನೀವ ಹಿಡೀರಿ. ಅಷ್ಟರಾಗ ನಾ ಕೆಲಸ ಮುಗಸ್ತೀನಿ," ಎಂದು ಹೇಳಿ ಹೋಗಿ ಮೊರದ ಮುಂದೆ ಕೂತಳು. ಮಗು ಸಾಹೇಬರ ಪೆನ್ನು ತೆಗೆದುಕೊಂಡು ಬಾಯಿಗೆ ಹಾಕಿತು. ಆಮೇಲೆ ಠರಾವಿನ ಹಾಳೆಗೆ ಕೈ ಹಾಕಿತು. ಸಾಹೇಬರು ಒಂದು ಕೈಯಲ್ಲಿ ಹಾಳೆ, ಇನ್ನೊಂದು ಕೈಯಲ್ಲಿ ಮಗು ಹಿಡಿದು ಹತ್ತು ನಿಮಿಷ ತಡೆದುಕೊಂಡರು.

ವಾರ್ಡಿನ ಸದಸ್ಯರು ಗಾಳಿ ನೋಡಿ ತೂರುವವರು. ಎದ್ದು ನಿಂತು, "ನಾ ಮೊದಲಿಂದಾನೂ ಅಂಗನವಾಡಿ ಆಗಬೇಕು ಅಂತಽ ಹೇಳ್ಕೋತ ಬಂದೀನಿ," ಎಂದರು. ಹಿಂದಿನ ವಾರದ ಟಿಪ್ಪಣಿ ನನ್ನ ಕೈಯಲ್ಲೇ ಇತ್ತು. ನಾನು ಅವರ ಮುಖ ನೋಡಲಿಲ್ಲ, ಅವರೂ ನನ್ನ ಮುಖ ನೋಡಲಿಲ್ಲ. ಹಿಂಭಾಗದಲ್ಲಿ ಅಂಗನವಾಡಿ, ರಸ್ತೆಯ ಕಡೆ ಎರಡೇ ಎರಡು ಅಂಗಡಿ ಖೋಲಿ ಎಂದು ಠರಾವಾಯಿತು. ಮರುದಿನ ಅಕ್ಕಾತಾಯಿ ಕೆಳಗಿನ ಫಲಕದ ಮೇಲೆ ಸದಸ್ಯರಿಗೆ ಅಭಿನಂದನೆ ಬರೆದಳು. ಡಬ್ಬಿ ತರದೇ ಹೆಸರು ಬಂದದ್ದು ಅದೊಂದೇ ಸಲ.

ಕಟ್ಟಡ ಏಳಲು ಎರಡು ವರ್ಷ ಹಿಡಿಯಿತು, ನಮ್ಮ ಕಡೆ ಅದು ಬೇಗವೇ. ಅಷ್ಟರ ತನಕ ಮಕ್ಕಳನ್ನು ಗಿರಣಿಯ ಹಿಂದಿನ ಪಡಸಾಲೆಯಲ್ಲಿ ಹೆಂಗಸರು ಸರದಿಯ ಮೇಲೆ ನೋಡಿಕೊಂಡರು. ನನ್ನ ಪ್ರೊಬೇಷನ್ನನ್ನು ಆರು ತಿಂಗಳು ವಿಸ್ತರಿಸಿದರು, ಆಮೇಲೆ ರಾಯಬಾಗಕ್ಕೆ ವರ್ಗ ಮಾಡಿದರು. ಹೊರಡುವ ದಿನ ಹಿಟ್ಟಿನ ಡಬ್ಬಿ ಕೊಡುತ್ತ ಅಕ್ಕಾತಾಯಿ, "ಎಲ್ಲಿ ಹೋದ್ರೂ ಬರಿಯೂಕಿಂತ ಮೊದಲ ಓದಪಾ," ಎಂದಳು. ಸಿಟ್ಟಿನಲ್ಲಿ ಶುರುವಾದ ಆ ಏಕವಚನವನ್ನು ಅವಳು ಮತ್ತೆ ಬದಲಿಸಲೇ ಇಲ್ಲ. ನನಗೂ ಬದಲಿಸುವುದು ಬೇಕಿರಲಿಲ್ಲ.

ಕೆಲವು ವರ್ಷದ ಹಿಂದೆ ಅಕ್ಕಾತಾಯಿ ಹೋದಳು. ಸುದ್ದಿ ತಿಳಿದು ರಕ್ಷೆಯ ದಿನ ಹೋಗಿದ್ದೆ. ಜನ ಓಣಿಯಲ್ಲಿ ಹಿಡಿಸಲಿಲ್ಲ, ನಾನು ಎಣಿಸುವ ಗೋಜಿಗೆ ಹೋಗಲಿಲ್ಲ. ಮೇಲಿನ ಫಲಕದಲ್ಲಿ ಅವಳ ಹೆಸರಿತ್ತು, ಎರಡೂ ಭಾಷೆಯಲ್ಲಿ. ಕೆಳಗಿನ ಫಲಕದಲ್ಲಿ "ಅಂಗನವಾಡಿಗೆ ಹೊಸ ಮಕ್ಕಳನ್ನು ಸೋಮವಾರದಿಂದ ಸೇರಿಸಿಕೊಳ್ಳಲಾಗುವುದು" ಎಂದಿತ್ತು. ಬರೆದವಳು ಸುಶೀಲಾಳ ಮಗಳು. ಆ ಎರಡು ಖೋಲಿಗಳಲ್ಲಿ ಒಂದರಲ್ಲಿ ಅವಳದು ಝೆರಾಕ್ಸ್ ಅಂಗಡಿ. ನಿನ್ನನ್ನು ಕಂಬಕ್ಕೆ ಕಟ್ಟಿದ್ದು ನೋಡಿದ್ದೇನೆ ಎಂದೆ. ಈಗಲೂ ನನ್ನನ್ನು ಕಂಡು ನಕ್ಕಳು.

"ಸರ, ನಿಮ್ಮ ಡಬ್ಬಿ ಆತ್ರಿ," ಎಂದ ಬಸಣ್ಣ.

ಡಬ್ಬಿಯನ್ನು ಅಲ್ಲೇ ಇಟ್ಟೆ. ಪಕ್ಕದ ಮನೆಯವರಿಗೆ ಫೋನು ಮಾಡಿ, ತಪ್ಪೊಪ್ಪಿಕೊಂಡು, ಸಭೆಯ ಹೊತ್ತು ಕೇಳಿದೆ. ರವಿವಾರ ಮುಂಜಾನೆ ಹತ್ತಕ್ಕೆ, ಕನ್ನಡ ಶಾಲೆಯಲ್ಲಿ. ಅವರಿಗೂ ಗೊತ್ತಿರಲಿಲ್ಲ, ಹುಡುಕಿ ಹೇಳಿದರು. ಎಮ್ಮೆಯ ಫೋಟೋದ ಕೆಳಗೆ ಇತ್ತಂತೆ. ಚೀಲಗಳ ಮೇಲೆ ಹೆಸರು ಬರೆಯಲು ಬಸಣ್ಣ ಖಡು, ಅಂದರೆ ಸೀಮೆಸುಣ್ಣ, ಇಟ್ಟಿರುತ್ತಾನೆ, ಒಂದು ತುಂಡು ಇಸಿದುಕೊಂಡು ಗಿರಣಿಯ ತಗಡಿನ ಬಾಗಿಲ ಮುಂದೆ ನಿಂತೆ. ಬಾಗಿಲಿನ ನಟ್ಟನಡುವೆ, ಕಣ್ಣಿನ ಎತ್ತರಕ್ಕೆ, ಎಲ್ಲರಿಗೂ ಕಾಣುವ ಒಳ್ಳೆಯ ಜಾಗದಲ್ಲಿ ಆ ಕಂಡಕ್ಟರರ ಶ್ರದ್ಧಾಂಜಲಿಯ ಕಾಗದ ಅಂಟಿಸಿದ್ದರು. ಗುಂಪಿನಲ್ಲಿ ನಾನು ಎಮ್ಮೆಯ ಜೊತೆ ಅಳಿಸಿದ್ದು ಇವರನ್ನೇ. ಹತ್ತಿರ ಹೋಗಿ ಹೆಸರು ಪೂರ್ತಿ ಓದಿದೆ. ನಿಪ್ಪಾಣಿ ಬಸ್ಸಿನಲ್ಲಿ ಎಷ್ಟೋ ಸಲ ನನಗೆ ಸೀಟು ಹಿಡಿದುಕೊಟ್ಟವರು. ಹೋದದ್ದು ಇವರೇ ಎಂದು ನನಗೆ ತಿಳಿದೇ ಇರಲಿಲ್ಲ.

"ಆ ಕಾಗದ ಹರದ ಒಗೀರಿ ಸರ, ಮೊನ್ನೇದು ಅದು," ಎಂದ ಬಸಣ್ಣ. "ಅಲ್ಲೇ ದೊಡ್ಡದಾಗಿ ಬರೀರಿ."

"ಮೂರ ದಿನ ಆಗಿಲ್ಲ ಇನ್ನ," ಎಂದೆ. "ಇರ್ಲಿ ಬಿಡು."

ಬಾಗಿಲು ಹಿಡಿದುಕೊಂಡು, ನೋಯುವ ಮೊಣಕಾಲು ಮಡಿಚಿ ನೆಲಕ್ಕೆ ಕೂತೆ. ಕಾಗದದ ಕೆಳಗೆ ಉಳಿದಿದ್ದ ಜಾಗದಲ್ಲಿ, ನಡುವೆ ಒಂದು ಗೆರೆ ಎಳೆದು, ರವಿವಾರದ ಸಭೆಯ ಸುದ್ದಿಯನ್ನು ಎರಡೂ ಭಾಷೆಯಲ್ಲಿ ಬರೆಯತೊಡಗಿದೆ.